ಬಾಣಂತಿಯ ಮೀನು

ಕಳೆದ ವಾರ ಮದ್ದೂರಿನಲ್ಲಿ ಹೆದ್ದಾರಿ ಪಕ್ಕದ ಮೀನಿನ ಅಂಗಡಿ ಮುಂದೆ ನಿಂತಿದ್ದೆ. ನೀಲಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಪ್ಪು ಮೀನೊಂದು ಮೇಲೆ ಬಂತು, ಬಾಯಿ ತೆರೆದು ಗಾಳಿ ನುಂಗಿತು, ಮತ್ತೆ ಕೆಳಗಿಳಿಯಿತು. ಗುಳಕ್ ಎಂಬ ಸಣ್ಣ ಸದ್ದು, ಜೊತೆಗೆ ಹಸಿ ಕೆಸರಿನ ವಾಸನೆ. ಮೊದಲು ಬಂದದ್ದು ಸದ್ದೋ ವಾಸನೆಯೋ ಹೇಳಲಾರೆ. ನೆನಪು ಬರೆಯುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಹೇಳುವುದಕ್ಕೆ ಅನುಕೂಲ. ನನಗೆ ಎರಡೂ ಒಟ್ಟಿಗೇ ಬಂದವು, ಅವುಗಳ ಹಿಂದೆಯೇ ಎದುರುಮನೆ ಅತ್ತೆ ಬಂದರು...

ಅತ್ತೆ ಎಂದರೆ ನೆಂಟಸ್ತಿಕೆ ಏನೂ ಇಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತವರೂರು. ಅಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಅವರು ಅತ್ತೆ. ಯಾವ ಮನೆಗೆ ಮಗಳು ಹೆರಿಗೆಗೆ ಬಂದರೂ, ಬಾಣಂತಿ ಎದ್ದು ಕೂರುವಂತಾದ ಮೇಲೆ ಒಂದು ಬೆಳಗ್ಗೆ ಅತ್ತೆ ಬಿಂದಿಗೆಯಲ್ಲಿ ಜೀವಂತ ಕುಚ್ಚು ಮೀನು ತರುತ್ತಿದ್ದರು. ಹಾವಿನ ತಲೆಯಂಥ ತಲೆ, ಮುಳ್ಳು ಕಮ್ಮಿ. ಬಾಣಂತಿ ಮೊದಲು ಬಿಂದಿಗೆಯೊಳಗೆ ಬಗ್ಗಿ ನೋಡಬೇಕು, ಮೀನು ಒದೆಯಬೇಕು. ಒದೆಯದ ಮೀನು ಬಾಣಂತಿಗಲ್ಲ. ಆಮೇಲೆ ಅದನ್ನು ಬೂದಿ ಹಾಕಿ ಉಜ್ಜಿ, ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡುತ್ತಿದ್ದರು. ಹುಣಸೆಹುಳಿ ಇಲ್ಲ, ಖಾರದ ಪುಡಿ ಇಲ್ಲ. ಆ ಸಾರು ಕುಡಿದರೆ ಎದೆಹಾಲು ಇಳಿಯುತ್ತದೆ ಎಂಬುದು ಊರಿನ ನಂಬಿಕೆ. ಬಾಣಂತಿಗೆ ತುಂಡು ಹಾಕಿ, ತಲೆ ಮತ್ತು ಮೂಳೆ ತಾವು ತಿನ್ನುತ್ತಿದ್ದರು. ಅದು ಅವರ ಪಾಲು, ಯಾರೂ ಕೇಳುವಂತಿರಲಿಲ್ಲ.

ಮೀನು ಊರ ಕೆರೆಯದು. ನಾನು ಚಿಕ್ಕವಳಾಗಿದ್ದಾಗ ಆ ಕೆರೆಯ ನೀರು ಕನ್ನಡಿಯಂತಿತ್ತು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಕನ್ನಡಿಯಂತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಎಮ್ಮೆ ತೊಳೆಯುತ್ತಿದ್ದರು, ಅಷ್ಟು ಖಚಿತ. ಆಮೇಲೆ ಸುತ್ತ ಹೊಸ ಬಡಾವಣೆಗಳಾದವು, ಅವುಗಳ ಚರಂಡಿಯನ್ನು ಕೆರೆಗೆ ತಿರುಗಿಸಿದರು. ಏರಿ ಪಕ್ಕದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕಾಯಿಸುವ ಶೆಡ್ಡೊಂದು ಎದ್ದಿತು, ಅಲ್ಲಿ ತೊಳೆದ ನೀರೂ ಕೆರೆಗೇ ಬಂತು. ಒಂದು ಬೇಸಿಗೆಯ ಬೆಳಗ್ಗೆ ನೋಡಿದರೆ ಕೆರೆಯ ತುಂಬ ಬಿಳಿ ಹೊಟ್ಟೆಗಳು. ಸಾಕಿದ ಮೀನು, ತಾನಾಗಿ ಬೆಳೆದ ಮೀನು, ಎಲ್ಲವೂ ಸತ್ತು ತೇಲುತ್ತಿದ್ದವು. ಉಳಿದದ್ದು ಕುಚ್ಚು ಮೀನು ಮಾತ್ರ. ಊರಿನವರು ಅದರಿಂದ ಕಲಿತದ್ದು ಏನೆಂದರೆ, ಕುಚ್ಚು ಮೀನಿನಷ್ಟು ಗಟ್ಟಿ ಯಾವುದೂ ಇಲ್ಲ ಎಂದು. ಅದಕ್ಕೆ ಮೊದಲಿಗಿಂತ ಹೆಚ್ಚು ಗಿರಾಕಿಯಾಯಿತು.

ನನ್ನ ಮಗಳು ಹುಟ್ಟಿದ್ದು ಅದಾದ ಮೇಲೆ. ಆಸ್ಪತ್ರೆಯಿಂದ ಹೊರಡುವಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ಆ ಕೆರೆಯ ಮೀನು ತಿನ್ನಬೇಡ ಎಂದು. ಸೀಸ ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ರೋಗದ ಹುಳುವಲ್ಲ, ಬೇಯಿಸಿದರೆ ಸಾಯುವುದಿಲ್ಲ. ಮೀನಿನ ಮೈಯಿಂದ ನಿನ್ನ ಮೈಗೆ, ನಿನ್ನ ಹಾಲಿನಿಂದ ಮಗುವಿಗೆ. ಹೆಚ್ಚುಕಮ್ಮಿ ಈ ಮಾತುಗಳೇ. ಸ್ವಲ್ಪ ನಾನು ಸೇರಿಸಿರಬಹುದು.

ಅತ್ತೆ ಬಿಂದಿಗೆ ತಂದು ನನ್ನ ಮಂಚದ ಪಕ್ಕ ಇಟ್ಟರು. "ನೋಡು, ಎಂಗ್ ಒದೀತಾ ಅದೆ."

"ಆ ಕೆರೆದು ಬ್ಯಾಡ ಅತ್ತೆ" ಅಂದೆ.

"ಯಾಕಂತೆ?"

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು, "ನರ್ಸಮ್ಮ ಏನೋ ಏಳವ್ಳೆ ಕಣಕ್ಕ" ಎಂದರು, ತಮಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ.

"ನರ್ಸಮ್ಮನ ಬಾಣಂತನಕ್ಕೂ ನಾನೇ ಕಣವ್ವ ಸಾರ್ ಕೊಟ್ಟಿದ್ದು. ಆಗ ಬಟ್ಲು ನೆಕ್ಕುದ್ಲು, ಈಗ ಬುದ್ಧಿ ಏಳ್ತಾಳೆ." ಅತ್ತೆ ನನ್ನ ಕಡೆ ತಿರುಗಿದರು. "ಅಲ್ಲ, ಕೆರೆ ಮೀನೆಲ್ಲ ಸತ್ತು ತೇಲ್ದಾಗ ಇದೊಂದೇ ಉಳ್ಕೊಂತಲ್ಲ. ವಿಸ ಇದ್ದಿದ್ರೆ ಇದೂ ಸಾಯ್ಬೇಕಿತ್ತು ತಾನೆ? ಸಾಯ್ದಿರೋ ಮೀನು ಒಳ್ಳೆ ಮೀನು ಕಣಮ್ಮ."

ನನ್ನ ತೊಡೆಯ ಮೇಲೆ ಮಗು ಹಾಲಿಗಾಗಿ ಮುಖ ಉಜ್ಜುತ್ತಿತ್ತು. ಅಷ್ಟರಲ್ಲಿ ಮೀನು ಮೇಲೆ ಬಂದು ಗಾಳಿ ನುಂಗಿತು. ಸುಮ್ಮನೆ, ಮಾತು ಬದಲಿಸಲೆಂದೇ, ಇದು ನೀರಿಲ್ಲದೆ ಎಷ್ಟು ಹೊತ್ತು ಬದುಕುತ್ತದೆ ಎಂದು ಕೇಳಿದೆ.

"ಒದ್ದೆ ಗೋಣಿಚೀಲ ಇದ್ರೆ ಮಳವಳ್ಳಿಗ್ ಓಗಿ ಬರೋಗಂಟ ಇರ್ತದೆ. ಬ್ಯಾರೆ ಮೀನಂಗಲ್ಲ ಇದು. ನೀರ್ ಎಂಗಿದ್ರೂ ಇದ್ಕೇನು, ಮ್ಯಾಕ್ ಬಂದು ಗಾಳಿ..."

ಅತ್ತೆ ಅಲ್ಲಿಗೆ ನಿಲ್ಲಿಸಿದರು.

ಹಾಗಾದರೆ ಅದು ಉಳಿದದ್ದು ನೀರು ಚೆನ್ನಾಗಿದೆ ಎಂದಲ್ಲ, ನೀರನ್ನು ನಂಬದೆ ಗಾಳಿ ಕುಡಿದದ್ದರಿಂದ. ಮಿಕ್ಕ ಮೀನು ಚರಂಡಿ ನೀರಿನಲ್ಲಿ ಉಸಿರು ಸಿಗದೆ ಸತ್ತವು, ಇದು ವಿಷವನ್ನು ಮೈಯಲ್ಲಿಟ್ಟುಕೊಂಡೇ ಒದೆಯಬಲ್ಲದು. ಈ ಮಾತನ್ನು ನಾನು ಅಂದೆನೋ, ಅಮ್ಮ ಅಂದರೋ, ಯಾರೂ ಅನ್ನಲಿಲ್ಲವೋ... ಅತ್ತೆ ಬಹಳ ಹೊತ್ತು ಬಿಂದಿಗೆಯೊಳಗೆ ನೋಡುತ್ತಿದ್ದರು ಎನ್ನುವುದು ಮಾತ್ರ ನಿಜ. ಆಮೇಲೆ ಅದನ್ನು ಸೊಂಟಕ್ಕೇರಿಸಿಕೊಂಡು, "ಮಗೀಗೆ ಹಾಲ್ ಕುಡ್ಸು" ಎಂದು ಎದ್ದು ಹೋದರು.

ಬೇಜಾರಾಗಿ ಹೋದರೆಂದು ಅಮ್ಮ ನನ್ನನ್ನು ಬೈದರು. ಕೆಲವು ದಿನ ಎದುರುಮನೆ ಬಾಗಿಲಲ್ಲಿ ಅತ್ತೆ ಕಾಣಲಿಲ್ಲ. ಆಮೇಲೊಂದು ಮಧ್ಯಾಹ್ನ ವೈರ್ ಬುಟ್ಟಿ ಹಿಡಿದು, ಸೀರೆಯ ಒಂದು ಪಕ್ಕವೆಲ್ಲ ಒದ್ದೆ ಮಾಡಿಕೊಂಡು ಬಂದರು. ಕೊತ್ತತ್ತಿಯಲ್ಲಿ ಅವರ ತಮ್ಮನ ಜಮೀನಿನಲ್ಲಿ ಬೋರ್ ನೀರಿನ ಹೊಂಡವಿತ್ತು. ಅಲ್ಲಿಂದ ಮಂಡ್ಯಕ್ಕೆ, ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಊರಿಗೆ ಬಸ್ಸು ಬದಲಿಸುತ್ತ ಮೀನನ್ನು ಒದ್ದೆ ಚೀಲದಲ್ಲಿ ತಂದಿದ್ದರು.

"ಕಂಡಕ್ಟ್ರು ಏಳ್ತಾನೆ, ಅಜ್ಜಿ, ಬುಟ್ಟೀಲಿ ಉಸ್ರಾಡ್ತಾ ಅದಲ್ಲ, ಅದ್ಕೂ ಟಿಕೀಟ್ ತಗೋ ಅಂತ. ಅದು ನಿಂತ್ಕಂಡೇ ಬತ್ತದೆ, ನಿಂಗೇನ್ಲಾ ಕಷ್ಟ ಅಂದೆ."

ಅಮ್ಮ ನಕ್ಕರು. ನಾನು ಸಾರು ಕುಡಿದೆ. ಅಂದಿನಿಂದ ಅತ್ತೆ ಯಾವ ಬಾಣಂತಿಗೂ ಊರ ಕೆರೆಯ ಮೀನು ಕೊಡಲಿಲ್ಲ. ಯಾರಾದರೂ ಅದನ್ನು ತಂದು ಬೇಯಿಸಲು ಕೂತರೆ ಒಲೆಯ ಮುಂದಿನಿಂದಲೇ ಎಬ್ಬಿಸಿ ಕಳಿಸುತ್ತಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಅತ್ತೆ ತಾವು ಮಾತ್ರ ಕೆರೆಯ ಮೀನನ್ನೇ ತಿನ್ನುತ್ತಿದ್ದರು. ಅದೇ ತಲೆ, ಅದೇ ಮೂಳೆ. ಅಮ್ಮ ಜಗಳವಾಡಿದರು, ನಾನೂ ಊರಿಗೆ ಹೋದಾಗಲೆಲ್ಲ ಆಡಿದೆ. ಒಮ್ಮೆ ತಟ್ಟೆಯನ್ನೇ ಕಿತ್ತುಕೊಂಡೆ.

"ಇಲ್ ಕೊಡು ತಟ್ಟೆಯ. ನಂದೇನು ಹಾಲ್ ಕುಡ್ಸೋ ಮೈಯಾ?"

ಹಾಲು ಕುಡಿಸುವ ಮೈಯೊಂದೇ ಮೈಯಾ ಎಂದು ನಾನು ಕೇಳಿದ್ದಕ್ಕೆ, "ಮತ್ತೆ?" ಎಂದರು. ನಿಜವಾಗಿ ಅರ್ಥವಾಗದೆ ಕೇಳಿದ ಪ್ರಶ್ನೆ ಅದು.

ಮುಂದೆ ಅವರ ಬೆರಳುಗಳು ಜೋಮು ಹಿಡಿಯತೊಡಗಿದವು. ಕೈಯಿಂದ ಪಾತ್ರೆ ಜಾರುತ್ತಿತ್ತು, ಮುಂಗೈ ಎತ್ತಿ ಹಿಡಿಯಲಾಗುತ್ತಿರಲಿಲ್ಲ. ಮಂಡ್ಯದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಏನು ಊಟ ಮಾಡುತ್ತೀರಿ ಎಂದು ಅವರು ಕೇಳಿದಾಗ ಅತ್ತೆ ಮುದ್ದೆ, ಉಪ್ಸಾರು, ಸೊಪ್ಪು ಎಲ್ಲ ಹೇಳಿದರು, ಮೀನೊಂದನ್ನು ಬಿಟ್ಟು. ನಾನು ಹೇಳಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಇವತ್ತೇ ನಿಲ್ಲಿಸಿ ಎಂದರು ಡಾಕ್ಟರು. ವಾಪಸು ಬರುವ ಬಸ್ಸು ಗೆಜ್ಜಲಗೆರೆ ದಾಟಿದ ಮೇಲೆ, "ಕೆರೆ ಮೀನಿನ್ ಸಾರ್ ನೀ ಕುಡೀಲಿಲ್ವಲ್ಲ, ಬುಡು" ಎಂದರು ಅತ್ತೆ, ಅಷ್ಟೇ.

ಆಮೇಲೆ ನಿಲ್ಲಿಸಿದರು. ಆದರೆ ಮೂಳೆಯೊಳಗೆ ಸೇರಿದ್ದು ಬೇಗ ಬಿಡುವುದಿಲ್ಲ. ಅವರು ತೀರಿಕೊಂಡಿದ್ದು ಕಿಡ್ನಿ ಕೆಟ್ಟು. ಸಕ್ಕರೆ ಕಾಯಿಲೆಯೂ ಇತ್ತು, ವಯಸ್ಸೂ ಆಗಿತ್ತು. ಮೀನೇ ಕೊಂದಿತು ಎಂದು ಬರೆದರೆ ಲೇಖನಕ್ಕೆ ಒಳ್ಳೆಯ ಕೊನೆ ಸಿಗುತ್ತದೆ, ನಾನು ಬರೆಯುವುದಿಲ್ಲ. ನನಗೆ ಗೊತ್ತಿರುವುದನ್ನು ಮಾತ್ರ ಅನುಮಾನವಿಲ್ಲದೆ ಹೇಳುತ್ತೇನೆ. ಕೆರೆಗೆ ನಾವು ಬಿಟ್ಟದ್ದು ಕೆರೆಯಲ್ಲೇ ಉಳಿಯಲಿಲ್ಲ. ಮೀನಿಗೆ ಹೋಯಿತು, ಮೀನಿನಿಂದ ಅತ್ತೆಯ ರಕ್ತಕ್ಕೆ ಹೋಯಿತು. ನನ್ನ ಮಗಳ ಬಾಯಿಗೆ ಹೋಗಬೇಕಾದದ್ದು ಬಿಂದಿಗೆಯ ಹತ್ತಿರ ನಿಂತಿತು, ನಿಲ್ಲಿಸಿದವರು ಅವರು.

ಈಗ ಅತ್ತೆಯ ಮೊಮ್ಮಗಳು ಅದೇ ಎದುರುಮನೆಗೆ ಹೆರಿಗೆಗೆ ಬಂದು ಬಾಣಂತಿಯಾಗಿದ್ದಾಳೆ. ಅವಳು ನನ್ನನ್ನು ಅತ್ತೆ ಎನ್ನುತ್ತಾಳೆ. ಅಂಗಡಿಗೆ ಹೋಗಿದ್ದು ಅವಳಿಗಾಗಿಯೇ. ಮೀನು ಯಾವ ನೀರಿನದು ಎಂದು ಕೇಳಿದೆ. ಅಂಗಡಿಯವನು, "ಯಾವ್ದಾದ್ರೇನಕ್ಕ, ಜೀವಂತ ಅದಲ್ಲ" ಎಂದ. ಕೊತ್ತತ್ತಿಯ ಹೊಂಡ ಮುಚ್ಚಿ ಎಷ್ಟೋ ಕಾಲವಾಗಿದೆ. ಬರಿಗೈಯಲ್ಲಿ ಊರಿಗೆ ಹೋಗಿ, ಮೆಣಸು, ಬೆಳ್ಳುಳ್ಳಿ ಅರೆದು ಬರೀ ಸಾರು ಮಾಡಿದೆ. ಹುಡುಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬಟ್ಟಲೆತ್ತಿ ಕುಡಿದಳು.

"ಖಾರ ಸರಿಯಾಗೇ ಅದೆ. ಏನೋ ಕಮ್ಮಿ ಆದಂಗದೆ ಕಣತ್ತೆ."

ಹೌದು ಅಂದೆ.