ಬಿಂದಿಗೆ ತುಂಬೋವರೆಗೆ

ಮೊಬೈಲು ಟಿಣ್ ಅಂತು. ಆ ಸದ್ದು ಕೇಳಿದರೆ ನನಗೆ ಚಿನ್ನದ ಗಣಿಯವರ ನಂದಿದುರ್ಗ ಲೈನಿನ ಬೀದಿ ನಲ್ಲಿ ನೆನಪಾಗುತ್ತೆ. ಖಾಲಿ ಬಿಂದಿಗೆ ಕಲ್ಲಿಗೆ ತಗುಲಿದರೆ ಹೀಗೇ ಅನ್ನುತ್ತಿತ್ತು. ಅದರ ಹಿಂದೆಯೇ ಜಗಳ ಶುರು. ಈ ಟಿಣ್ ಹಿಂದೆಯೂ ಜಗಳವೇ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಸಾರು ಸೀದುಹೋಗುತ್ತೆ. ಆದರೂ ಮೊಬೈಲು ಬಿಡೋಲ್ಲ, ಅದರೊಳಗೆ ನನ್ನ ಮೊಮ್ಮಗಳಿದ್ದಾಳಲ್ಲ. ಮಗಳು ರತ್ನನ ಕೂಸು. ನಿಮ್ಮ ಮನೆಯಲ್ಲೂ ಕೂಸಿರಬಹುದು, ಚೆನ್ನಾಗಿಯೂ ಇರಬಹುದು. ಆದರೆ ಹಲ್ಲಿಲ್ಲದ ಬಾಯಲ್ಲಿ ನಗೋದು ಇವಳಿಗೆ ಬಂದ ಹಾಗೆ ಯಾರಿಗೂ ಬರೋಲ್ಲ. ನನಗೂ ಹಲ್ಲಿಲ್ಲ, ಕನ್ನಡಿ ಮುಂದೆ ನಿಂತು ನೋಡಿದೆ, ನನಗೇ ಬರಲಿಲ್ಲ.

ಆ ನಲ್ಲಿ ವಿಷಯಕ್ಕೆ ಬರ್ತೀನಿ. ನಮ್ಮ ಯಜಮಾನರು ಗಣಿಗೆ ಇಳಿಯುತ್ತಿದ್ದ ಕಾಲ. ಪಕ್ಕದ ಮನೆ ಸೆಲ್ವಿ ತಮಿಳಿನಲ್ಲಿ ಬೈಯೋಳು, ನಾನು ತೆಲುಗಿನಲ್ಲಿ ಬೈತಿದ್ದೆ, ರಾಜಿ ಆಗೋಕೆ ಇಬ್ಬರಿಗೂ ಕನ್ನಡ. ನನ್ನ ನಾಲಿಗೆಯನ್ನು ಗಣಿಗೆ ಇಳಿಸಿದರೆ ಡೈನಮೈಟಿನ ಖರ್ಚು ಉಳಿಯುತ್ತೆ ಅಂತ ಅವಳು. ನಿನ್ನ ಬಾಯಿ ಸೈರನ್ನಿಗಿಂತ ಕಡೆ, ಸೈರನ್ನಾದರೂ ಶಿಫ್ಟು ಬದಲಾದ ಮೇಲೆ ಸುಮ್ಮನಾಗುತ್ತೆ ಅಂತ ನಾನು. ಅದಕ್ಕೊಂದು ಕಟ್ಟಳೆ ಇತ್ತು. ಎದುರಿಗೆ ನಿಂತು ಬೈಬೇಕು, ಬಿಂದಿಗೆ ತುಂಬೋವರೆಗೆ ಬೈಬೇಕು. ಬಿಂದಿಗೆ ಸೊಂಟಕ್ಕೇರಿದರೆ ಮಾತು ಮುಗೀತು. ಸಾಯಂಕಾಲ ಅವಳ ಮನೆ ಹುಳಿ ನಮ್ಮ ಮನೆಗೆ, ನಮ್ಮ ಬಸ್ಸಾರು ಅವಳ ಮನೆಗೆ. ಇನ್ನೊಂದು ಮಾತು. ಸೆಲ್ವಿಯ ಬೈಗುಳ ನನ್ನ ಅಳತೆಗೇ ಹೊಲಿದ ರವಿಕೆ, ಬೇರೆಯವರಿಗೆ ಹಿಡಿಸುತ್ತಿರಲಿಲ್ಲ.

ಈಗ ಬಂಗಾರಪೇಟೆಯಲ್ಲಿ ಮಗ ಮುನಿರಾಜನ ಜೊತೆ ಇದ್ದೀನಿ. ಅವನು ಆಟೋ ಓಡಿಸ್ತಾನೆ. ಅಳಿಯ ಸೀನಪ್ಪನಿಗೆ ಕ್ಯಾಸಂಬಳ್ಳಿಯಲ್ಲಿ ಗಾಡಿ ರಿಪೇರಿ ಅಂಗಡಿ. ಮಗನಿಗೆ ಒಂದು ಪಕ್ಷ, ಅಳಿಯಂದಿರಿಗೆ ಇನ್ನೊಂದು. ಕೂಸಿನ ಫೋಟೋ ಹಾಕೋಕೆ ಅಂತ ರತ್ನ ಮಾಡಿದ ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರೂ ಎಲೆಕ್ಷನ್ ಮಾಡಿದರು. ಕೂತು ಓದಿಸಿಕೊಂಡೆ. 'ನಿನ್ನಂಥ ಗುಲಾಮರಿಂದಲೇ ಈ ದೇಶ ಅಧೋಗತಿಗೆ ಇಳಿದಿದೆ' ಅಂತ ನನ್ನ ಮಗ. ಎದುರಿಗೆ ಬಾವ, ನೀವು, ಬನ್ನಿ ಅನ್ನೋ ಹುಡುಗ! 'ದೇಶದ್ರೋಹಿಗಳ ಮುಖವಾಡ ಕಳಚಿದೆ' ಅಂತ ಅಳಿಯ. ಅಧೋಗತಿ ಅನ್ನೋ ಊರು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ, ಆ ಕಡೆಗೆ ಬಸ್ಸೂ ಇಲ್ಲ.

ನಗುವ ಹಾಗಿರಲಿಲ್ಲ. ಮುಂದಿನ ವಾರ ಕೂಸಿಗೆ ಕಿವಿ ಚುಚ್ಚಿಸಬೇಕು. ನಮ್ಮಲ್ಲಿ ಸೋದರಮಾವನ ತೊಡೆ ಮೇಲೆ ಕೂರಿಸದೆ ಕಿವಿ ಚುಚ್ಚೋಲ್ಲ. ಆ ಬಾಗಿಲಿಗೆ ಕಾಲಿಡಲ್ಲ ಅಂತ ಮಗ. ಕರೆಯೋಕೆ ನಾನು ಹೋಗಲ್ಲ ಅಂತ ಅಳಿಯ. ರತ್ನ ಫೋನಿನಲ್ಲಿ ಬರೀ ಮೂಗು ಸೇದುತ್ತಿದ್ದಳು.

ನಾನೊಂದು ಆಟ ಹೂಡಿದೆ. ಹಿತ್ತಲ ನಲ್ಲಿ ಕೆಟ್ಟಿದೆ, ಪಾನಾ ತಗೊಂಡು ಬನ್ನಿ ಅಂತ ಅಳಿಯನನ್ನು ಕರೆಸಿದೆ. ನಲ್ಲಿ ಗಟ್ಟಿಮುಟ್ಟಾಗಿತ್ತು. ಮಗನನ್ನೂ ಹಿತ್ತಲಿಗೆ ಎಳೆದುಕೊಂಡು ಬಂದೆ. ನಲ್ಲಿ ಕೆಳಗೆ ಬಿಂದಿಗೆ ಇಟ್ಟು ಸಣ್ಣಗೆ ತಿರುಗಿಸಿದೆ.

"ಇದು ತುಂಬೋಗಂಟ ಟೈಮು. ಅದ್ರಾಗೆ ಬರ್ದಿದ್ದನ್ನ ಬಾಯಾಗೆ ಅನ್ನಿ. ಮುನಿರಾಜ, ಮೊದ್ಲು ನೀನೇ ಅನ್ಲಾ."

ಮಗ ಮೊಬೈಲಿಗೆ ಕೈ ಹಾಕಿದ. ಕಿತ್ತು ಸೆರಗಿಗೆ ಕಟ್ಟಿಕೊಂಡೆ. ಅವನು ಬಾವನ ಮುಖ ನೋಡಿದ, ಬಿಂದಿಗೆ ನೋಡಿದ. "ಬಾವ, ನಿಮ್ಮಂತ ಗು..." ಅಂದ. ಮುಂದಕ್ಕೆ ಹೊರಡಲಿಲ್ಲ.

"ಅದು ನಾನು ಬರ್ದಿದ್ದಲ್ಲಮ್ಮ. ಯಾರೋ ಕಳ್ಸಿದ್ರು, ಅದನ್ನೇ ಗ್ರೂಪಿಗೆ ತಳ್ಳಿದೆ."

"ನಂದೂ ಅಂಗೇ ಅತ್ತೆ," ಅಂದರು ಅಳಿಯಂದಿರು, ಪಾನಾ ಕಡೆ ನೋಡಿಕೊಂಡು.

ನೋಡಿದಿರಾ? ಎರಡೂ ಎರವಲು ರವಿಕೆ! ಯಾರ ಮೈಗೋ ಹೊಲಿದಿದ್ದನ್ನು ಇವರು ಹಾಕಿಕೊಂಡು ಮೆರೆದಿದ್ದರು.

"ಇನ್ನೂ ಅರ್ಧ ಬಿಂದಿಗೆ ಐತೆ. ನಿಮ್ಮ ಸ್ವಂತದ್ದು ಬೈಕೊಳ್ಳಿ," ಅಂದೆ.

ಆಮೇಲೆ ಮಗ ತಲೆ ಕೆರೆದುಕೊಂಡು, "ಬಾವ, ನೀವು ರಿಪೇರಿ ಮಾಡಿದ ಆಟೋ ತಳ್ಳೀ ತಳ್ಳೀ ನನ್ ಒಟ್ಟೆ ಕರಗೋಯ್ತು," ಅಂದ.

"ಕರಗಿದ್ದು ಇದೇನಾ? ಅಂಗಾದ್ರೆ ಇನ್ನೂ ನಾಕು ಕಿತ ತಳ್ಳು ಬಾಮೈದ," ಅಂದರು ಅಳಿಯಂದಿರು, ಅವನ ಹೊಟ್ಟೆಗೆ ಪಾನಾ ಮುಟ್ಟಿಸಿ.

ಬಿಂದಿಗೆ ತುಂಬಿ ಕಾಲ ಮೇಲೆಲ್ಲ ಹರಿಯಿತು, ಮೂವರಿಗೂ ತಿಳಿಯಲಿಲ್ಲ. ಪಕ್ಷ ಯಾರೂ ಬಿಡಲಿಲ್ಲ. ನಾನು ಬಿಡಿ ಅಂತ ಹೇಳಲೂ ಇಲ್ಲ. ಹೋಗುವಾಗ ಅಳಿಯ ಬಾಗಿಲಲ್ಲಿ ನಿಂತು, "ಬರೋವಾಗ ನನ್ ಅಂಗ್ಡೀಲಿ ಗಾಡಿ ತೋರ್ಸು," ಅಂದರು. ಅದೇ ಕರೆಯೋಲೆ.

ಮೊನ್ನೆ ಕಿವಿ ಚುಚ್ಚಿದರು. ಆಚಾರಿ ಮುಳ್ಳು ತಾಗಿಸಿದ್ದೇ ತಡ, ಮಾವನ ತೊಡೆ ಮೇಲೆ ಕೂತ ನನ್ನ ಚಿನ್ನ ಎಂಥಾ ಬೈಗುಳ ಬೈದಳು ಅಂತೀರಿ! ಮಾವನ ಅಂಗಿ ಜಗ್ಗಿ, ಮುಖ ನೋಡಿಕೊಂಡೇ ಬೈದಳು. ಯಾರೋ ಕಳಿಸಿದ್ದಲ್ಲ, ಎಲ್ಲಾ ಅವಳದೇ ಸ್ವಂತದ್ದು. ಸೆಲ್ವಿ ಇದ್ದಿದ್ದರೆ ಭೇಷ್ ಅಂತಿದ್ದಳು.

ಇವತ್ತು ಮೊಬೈಲು ಟಿಣ್ ಅಂತು ಅಂದೆನಲ್ಲ, ಅಕ್ಷರ ಕೂಡಿಸಿ ನೋಡಿದೆ. ಮಗ ಮತ್ತೆ ಯಾವುದೋ ಅಧೋಗತಿ ತಳ್ಳಿದ್ದಾನೆ. ಮುಂಚೆಯಾಗಿದ್ದರೆ ರತ್ನನಿಗೆ ಫೋನು ಮಾಡಿ ಗೋಳಾಡ್ತಿದ್ದೆ. ಈಗ ಮಾತು ಕಳಿಸೋ ಗುಂಡಿ ಒತ್ತಿ ಹಿಡಿದು, ಹಿತ್ತಲಿಗೆ ಹೋಗಿ, ನಲ್ಲಿ ಕೆಳಗೆ ಖಾಲಿ ಬಿಂದಿಗೆ ಇಟ್ಟೆ. ಮಾತಿಲ್ಲ, ಬರೀ ನೀರು ಬೀಳೋ ಸದ್ದು. ಗ್ರೂಪಿಗೆ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಳಿಯಂದಿರ ದನಿ ಬಂತು, ಹಿಂದೆ ಕೂಸು ಕೇಕೆ ಹಾಕುತ್ತಿತ್ತು:

"ಅತ್ತೆ, ನಲ್ಲಿ ಇನ್ನೊಂದೀಟು ಸಣ್ಣಗೆ ತಿರುಗ್ಸಿ. ಇವತ್ತು ಬೈಯೋದು ಜಾಸ್ತಿ ಐತೆ."