ಯಡ್ರಾವದ ಬಾವಿಯೂ ಕಳುವಾದ ಮಡಕೆಯೂ

ಯಡ್ರಾವದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆರೋಗ್ಯ ಖಾತೆಯ ಹೌಸಾಬಾಯಿ ಬಾವಿಗೆ ಬಗ್ಗಿ ಹಗ್ಗ ಎಳೆಯುತ್ತಾರೆ. ಹಗ್ಗ ಹಗುರಾಗಿ ಮೇಲೆ ಬರುತ್ತದೆ. ತುದಿಯಲ್ಲಿ ಮಡಕೆ ಇಲ್ಲ.

"ಮತ್ತ ಒಯ್ದಾರ! ಇವರ ಕೈ ಸೇದಿ ಹೋಗ್ಲಿ!"

ಅದು ಅಂತಿಂಥ ಮಡಕೆಯಲ್ಲ. ಮರಳಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ತುಂಬಿ, ತೂತು ಕೊರೆದು, ಬಾಯಿ ಕಟ್ಟಿ ನೀರೊಳಗೆ ಇಳಿಬಿಟ್ಟರೆ ಔಷಧ ಸ್ವಲ್ಪಸ್ವಲ್ಪವೇ ಕರಗಿ ಬಾವಿಯನ್ನು ಶುದ್ಧವಾಗಿಡುತ್ತದೆ. ಆದರೆ ಇದು ಮಗ್ಗದ ಊರು. ಅದೇ ಪುಡಿ ನೂಲನ್ನೂ ಬೆಳ್ಳಗೆ ಮಾಡುತ್ತದೆ. ಕದಿಯುವವರು ಯಾರೆಂದು ಎಲ್ಲರಿಗೂ ಗೊತ್ತು, ಬಾಯಿ ಬಿಡುವವರು ಯಾರೂ ಇಲ್ಲ.

ಹೋದ ವರ್ಷ, ಎಂಬತ್ತೆರಡರ ಮಳೆಗಾಲದಲ್ಲೂ ಹೀಗೆಯೇ ಮಡಕೆ ಹೋಗಿತ್ತು. ಓಣಿಯಲ್ಲಿ ವಾಂತಿಭೇದಿ ಎದ್ದಿತು. ನೆರೆಮನೆಯ ದುರ್ಗವ್ವನ ಮೊಮ್ಮಗಳು ಇಚಲಕರಂಜಿಯ ದವಾಖಾನೆ ಮುಟ್ಟುವ ಮೊದಲೇ ಟಾಂಗಾದಲ್ಲಿ ತೀರಿಕೊಂಡಳು. ಕಳವಿನ ಸುದ್ದಿಯನ್ನು ಹೌಸಾಬಾಯಿ ಮೊದಲೇ ಮುಟ್ಟಿಸಿದ್ದರು. "ಪೌಡರ್ ಕೊಡೂದು ನಮ್ಮ ಕೆಲಸ, ಕಾಯೂದು ನಿಂದು" ಎಂದಿದ್ದರು ಆರೋಗ್ಯ ಖಾತೆಯ ಸಾಹೇಬರು. ಎಂಥ ಮಾತು! ಜೀಪು ಅವರಿಗೆ, ಕಾವಲು ಇವರಿಗೆ! ಕೂಸು ಸತ್ತ ಮೇಲೆ ಅದೇ ಜೀಪು ಓಣಿಗೆ ಬಂತು. ಬೈಸಿಕೊಂಡವರು ಹೌಸಾಬಾಯಿ.

ಗಡಹಿಂಗ್ಲಜ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು ಇವರು. ಮಗ್ಗದಲ್ಲಿ ದುಡಿಯುತ್ತಿದ್ದ ಗಂಡ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಈ ನೌಕರಿಯೇ ಮನೆ ನಡೆಸುತ್ತಿದೆ. ಹೀಗಾಗಿ ಇಷ್ಟು ದಿನ ಬೈಗುಳ ನುಂಗಿದ್ದಾರೆ.

ಇವತ್ತು ನುಂಗುವುದಿಲ್ಲ. ಸೆರಗು ಬಿಗಿದು ನೆಟ್ಟಗೆ ಬಾಳಾಸಾಹೇಬನ ನೂಲು ತೊಳೆಯುವ ಶೆಡ್ಡಿಗೆ ನುಗ್ಗುತ್ತಾರೆ. ತೊಟ್ಟಿಯ ಪಕ್ಕದಲ್ಲೇ ಮಡಕೆ ಕೂತಿದೆ, ಅರ್ಧ ಖಾಲಿ.

"ಯಾಕ ಒದರಾಕತ್ತಿ?" ಬಾಳಾಸಾಹೇಬ ನಗುತ್ತಾನೆ. "ನೂಲಿಗೆ ಬರೂ ಪುಡಿ ನೀರಾಗ ಚೆಲ್ಲಿ ಹಾಳ ಮಾಡತಿ. ಸರಕಾರದ್ದೈತಿ, ನಿಂದೇನ ಗಂಟ ಹೋತು?"

"ಸರಕಾರದ್ದಲ್ರಿ, ಓಣಿ ಮಕ್ಕಳದು! ನಿಮ್ಮ ಮನ್ಯಾಗಿನವರೂ ಅದ ಬಾವಿ ನೀರ ಕುಡೀತಾರ. ನೂಲಿಗೆ ಔಷಧ, ಹೆಂಡ್ರ ಮಕ್ಕಳಿಗೆ ರಾಡಿ. ನಾಚಿಕಿ ಬರೂದಿಲ್ಲೇನ್ರಿ?"

ಗದ್ದಲ ಕೇಳಿ ಕೊಡ ಹಿಡಿದ ಹೆಂಗಸರು ಬಾಗಿಲಲ್ಲಿ ನೆರೆದಿದ್ದಾರೆ. ದುರ್ಗವ್ವ ಮುಂದೆ ಬರುತ್ತಾಳೆ.

"ಕೊಡೋ ಬಾಳ್ಯಾ. ನನ್ನ ಕೂಸಿನ ಮಣ್ಣಿಗೆ ಬಂದು ಅತ್ತಿದ್ದಿಯಲ್ಲ ನೀ? ಆ ವಾರಾನೂ ನೀನ ಒಯ್ದಿದ್ದೇನ?"

ಬಾಳಾಸಾಹೇಬನ ನಗು ಹಾರಿಹೋಗುತ್ತದೆ. ದುರ್ಗವ್ವ ತಾನೇ ಮಡಕೆ ಎತ್ತಿ ಹೌಸಾಬಾಯಿಯ ಕೈಗಿಡುತ್ತಾಳೆ.

ಮಡಕೆ ತುಂಬಿ ಮತ್ತೆ ಬಾವಿಗಿಳಿಯುತ್ತದೆ. "ಒಂದ್ ತಾಸ ಯಾರೂ ನೀರ ಸೇದಬ್ಯಾಡ್ರಿ" ಎಂದು ಹೌಸಾಬಾಯಿ ಕಟ್ಟೆಯ ಮೇಲೆ ಕೂರುತ್ತಾರೆ. ಮಗ್ಗದ ಪಾಳಿಗೆ ಹೊತ್ತಾದರೂ ಒಬ್ಬರೂ ತಕರಾರು ತೆಗೆಯುವುದಿಲ್ಲ.

ಇದಕ್ಕೆ ನಿಮಗೇನು ಕೊಡಬೇಕೆಂದು ಹೆಂಗಸರು ಕೇಳುತ್ತಾರೆ. ಹೌಸಾಬಾಯಿಯ ಸಿಟ್ಟು ಇನ್ನೂ ಇಳಿದಿಲ್ಲ.

"ಹಾರ-ತುರಾಯಿ ಬ್ಯಾಡ್ರಿ ನನಗ. ಇನ್ನ ಮ್ಯಾಲ ಮಡಕಿಗೆ ಕೈ ಹಚ್ಚಿದವನ ಕೈ ಮುರೀತೇನಿ. ನೌಕರಿ ಹೋದ್ರ ಹೋಗ್ಲಿ. ಈ ಮಳಿಗಾಲ ನಮ್ಮ ಓಣ್ಯಾಗ ಕೂಸಿನ ಹೆಣ ಏಳಬಾರದು."