ನಾನು ಕೇಳಿದ್ದ ಕಪ್‌ಬಶಿ

ನನ್ನ ಗಂಡನಿಗೆ ಕಾರ್ಪೊರೇಟರ್ ಆಗುವ ಆಸೆ ಯಾವಾಗ ಹುಟ್ಟಿತೋ ಗೊತ್ತಿಲ್ಲ, ನನಗೆ ಗೊತ್ತಾದದ್ದು ಅವರು ಬಿಳಿ ಜುಬ್ಬಾ ಹೊಲಿಸಲು ಶುರು ಮಾಡಿದಾಗ. ಹೋಟೆಲಿನವರು ಬಿಳಿ ಜುಬ್ಬಾ ಹಾಕಿಕೊಂಡು ಗಲ್ಲಾದ ಮೇಲೆ ಕೂತರೆ ಮಧ್ಯಾಹ್ನದೊಳಗೆ ಅದರ ಮೇಲೆ ಸಾಂಬಾರಿನ ಕಲೆ ಬಿದ್ದೇ ಬೀಳುತ್ತದೆ. ಒಗೆಯುವವಳು ನಾನು. ಇದೆಂಥ ಹೊಸ ವೇಷ ಎಂದು ಕೇಳಿದರೆ ನಗುತ್ತಿದ್ದರು.

ನಾವು ಉಡುಪಿ ಕಡೆಯವರು. ನಾಸಿಕದ ಹಳೇ ಪೇಟೆಯಲ್ಲಿ ಗೋದಾವರಿಗೆ ಇಳಿಯುವ ದಾರಿಯಲ್ಲಿ ನಮ್ಮ ಸಣ್ಣ ಹೋಟೆಲಿತ್ತು. ನಮ್ಮದು ಎಂದರೆ ಪೂರ್ತಿ ನಮ್ಮದಲ್ಲ. ಅದನ್ನು ಹಾಕಿಕೊಟ್ಟವರು ಗಂಡನ ಅಣ್ಣ, ನನ್ನ ಭಾವ. ಅವರು ಔರಂಗಾಬಾದಿನಲ್ಲಿ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ, ಚಿಕಲಠಾಣಾದ ಕಾರ್ಖಾನೆಗಳ ಹತ್ತಿರ ದೊಡ್ಡ ಹೋಟೆಲು ನಡೆಸುತ್ತಿದ್ದರು. ಲೈಸನ್ಸು ಅವರ ಹೆಸರಿನಲ್ಲಿ, ಬೆವರು ನಮ್ಮದು. ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ನಮ್ಮ ಪೈಕಿ ಹೋಟೆಲುಗಳು ಬೆಳೆದದ್ದೇ ಹೀಗೆ.

ಅಲ್ಲಿಯ ಜನ ನನ್ನ ಗಂಡನನ್ನು ಅಣ್ಣಾ ಎಂದು ಕರೆಯುತ್ತಿದ್ದರು. ಆ ಲೆಕ್ಕದಲ್ಲಿ ನಾನು ವಹಿನಿ, ಅಂದರೆ ಅತ್ತಿಗೆ. ಚರಂಡಿ ಕಟ್ಟಿಕೊಂಡರೆ ಅಣ್ಣಾ, ರೇಷನ್ ಕಾರ್ಡಿಗೆ ಅಣ್ಣಾ, ಮದುವೆಗೆ ಕುರ್ಚಿ ಬೇಕಾದರೂ ಅಣ್ಣಾ. ತೊಂಬತ್ತರ ದಶಕದ ಮೊದಲಲ್ಲಿ ಮಹಾನಗರಪಾಲಿಕೆಗೆ ಚುನಾವಣೆ ಬಂತು ಎಂದಾಗ, ಇಷ್ಟು ಜನರ ಬಾಯಲ್ಲಿರುವ ಅಣ್ಣಾನೇ ಯಾಕೆ ನಿಲ್ಲಬಾರದು ಎಂದು ಯಾರೋ ಚಹಾ ಕುಡಿಯುತ್ತಾ ಹೇಳಿದರಂತೆ. ಚಹಾದ ಮೇಜಿನ ಮಾತನ್ನು ಇವರು ಎದೆಗೆ ಹಚ್ಚಿಕೊಂಡರು.

ಆಮೇಲೆ ಮೀಸಲಾತಿಯ ಚೀಟಿ ಎತ್ತಿದರು. ಹೆಂಗಸರಿಗೆ ಮೀಸಲು ಎಂಬುದು ಆಗಿನ್ನೂ ಹೊಸತು. ನಮ್ಮ ವಾರ್ಡು ಹೆಂಗಸರ ಪಾಲಾಯಿತು. ಅವತ್ತು ಇವರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ತುಂಬ ಹೊತ್ತು ನಾನು ತೆಂಗಿನಕಾಯಿ ತುರಿಯುವುದನ್ನೇ ನೋಡಿದರು. ಹೆಂಡತಿ ತೆಂಗಿನಕಾಯಿ ತುರಿಯುವುದರಲ್ಲಿ ಅಷ್ಟೆಲ್ಲ ನೋಡುವಂಥದ್ದೇನೂ ಇರುವುದಿಲ್ಲ. ನನಗೆ ಆಗಲೇ ವಾಸನೆ ಹೊಡೆಯಿತು.

"ನೀನು ನಿಂತರೆ ನಾನು ನಿಂತ ಹಾಗೇ ಅಲ್ವಾ? ನೀನು ಸಹಿ ಹಾಕಿದ್ರೆ ಸಾಕು ಮಾರಾಯ್ತಿ. ಬಾಕಿದ್ದು ನಾನು ನೋಡಿಕೊಳ್ತೇನೆ," ಎಂದರು.

ನಾನು ಜಗಳವಾಡಿದೆ. ಮಾತು ಬಾರದವಳನ್ನು ಮೆರವಣಿಗೆ ಮಾಡಿಸಬೇಡಿ ಎಂದೆ. ನನ್ನ ಮರಾಠಿ ಭಾಜಿ ಮಾರ್ಕೆಟಿನ ಮರಾಠಿ. ಸಟಾಣಾದಿಂದ ಈರುಳ್ಳಿ ತರುವವರ ಜೊತೆ ಚೌಕಾಸಿ ಮಾಡಲು ಸಾಕು, ಭಾಷಣಕ್ಕೆ ಸಾಲದು. ಕೊನೆಗೆ ಒಪ್ಪಿದ್ದು ಅವರ ಮುಖ ನೋಡಲಾಗದೆ. ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಕೈ ಮುಗಿದ ಫೋಟೋ ತೆಗೆಸಿದರು. ಕರಪತ್ರ ಅಚ್ಚಾಗಿ ಬಂತು. ಅದರಲ್ಲಿ ನನ್ನ ಹೆಸರಿಗಿಂತ "ಅಣ್ಣಾ ಅವರ ಪತ್ನಿ" ಎಂಬುದೇ ದೊಡ್ಡ ಅಕ್ಷರದಲ್ಲಿತ್ತು. ಚಿಹ್ನೆಯ ಜಾಗ ಖಾಲಿ. ಪಕ್ಷವಿಲ್ಲದವರಿಗೆ ಚಿಹ್ನೆ ಕೊಡುವುದು ಹೆಸರು ಹಿಂತೆಗೆಯುವ ದಿನ ಕಳೆದ ಮೇಲೆ. ಅರ್ಜಿಯಲ್ಲಿ ಯಾವುದು ಬೇಕು ಎಂದು ಮೊದಲೇ ಬರೆದಿರಬೇಕಿತ್ತು. ಇವರು ದೀಪ ಎಂದರು. ನಾನು ಕಪ್‌ಬಶಿ ಎಂದೆ. ಕಪ್ಪು ಮತ್ತು ಬಸಿ, ಅದನ್ನು ಅಲ್ಲಿ ಹಾಗೆನ್ನುತ್ತಾರೆ. ಹೋಟೆಲಿನವಳಿಗೆ ಅದಕ್ಕಿಂತ ಒಪ್ಪುವ ಚಿತ್ರ ಯಾವುದಿತ್ತು? ಇಡೀ ಚುನಾವಣೆಯಲ್ಲಿ ನನ್ನ ಮಾತು ನಡೆದದ್ದು ಅಷ್ಟರಲ್ಲೇ.

ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಕಡೆಯ ಬ್ಯಾಂಕಿನವರೊಬ್ಬರು ವರ್ಗವಾಗಿ ಬಂದು ಇದ್ದರು. ಅವರ ಹೆಂಡತಿ ಮರಾಠಿಯನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದರು. ಗಂಡನ ನೌಕರಿಯ ಭಯಕ್ಕೆ ಆಕೆ ನನ್ನ ಜೊತೆ ಬೀದಿಗೆ ಇಳಿಯುವಂತಿರಲಿಲ್ಲ. ಆದರೆ ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದರು. ನಾನು ತಪ್ಪಿದರೆ ಶಾಲೆಯ ಟೀಚರಮ್ಮನ ಹಾಗೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದರು.

ಮನೆ ಮನೆ ತಿರುಗಾಟ ಶುರುವಾಯಿತು. ಮೊದಲ ಎರಡು ದಿನ ಗಂಡ ಮುಂದೆ, ನಾನು ಹಿಂದೆ. ಅವರು ಮಾತಾಡುತ್ತಿದ್ದರು, ನಾನು ಫೋಟೋದಲ್ಲಿದ್ದ ಹಾಗೆ ಕೈ ಮುಗಿದು ನಿಲ್ಲುತ್ತಿದ್ದೆ. ಆದರೆ ನಮ್ಮ ವಾರ್ಡಿನ ಹಳೇ ವಾಡೆಗಳು ಗೊತ್ತಲ್ಲ, ಮರದ ಕಂಬಗಳ ದೊಡ್ಡ ಮನೆ, ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಹಗಲು ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ. ಹೆಂಗಸರು ಅಣ್ಣಾನನ್ನು ಹೊಸ್ತಿಲಲ್ಲೇ ನಿಲ್ಲಿಸಿ ನನ್ನೊಬ್ಬಳನ್ನು ಒಳಗೆ ಕರೆಯತೊಡಗಿದರು. ಬಾಯಿಪಾಠದ ನಾಲ್ಕು ವಾಕ್ಯ ಮೊದಲ ಮನೆಯಲ್ಲೇ ಮುಗಿದುಹೋದವು. ಆಮೇಲೆ ನನಗೆ ಉಳಿದದ್ದು ಕೇಳಿಸಿಕೊಳ್ಳುವುದು.

ಅವರು ಹೇಳಿದ್ದು ಸಂಡಾಸಿನ ವಿಷಯ. ಓಣಿಯ ಕೊನೆಯಲ್ಲಿ ಹೆಂಗಸರ ಪಾಯಿಖಾನೆ ಇತ್ತು. ಎರಡು ಕೋಣೆ, ಒಂದಕ್ಕೂ ಬಾಗಿಲಿಲ್ಲ, ಗೋಣಿತಟ್ಟು ಕಟ್ಟಿದ್ದರು. ದೀಪವೂ ಇಲ್ಲ. ಬೆಳಕು ಹರಿಯುವ ಮೊದಲು ಒಬ್ಬಳು ಒಳಗೆ, ಇನ್ನೊಬ್ಬಳು ಗೋಣಿ ಹಿಡಿದು ಹೊರಗೆ. ಹಗಲು ಹೊಟ್ಟೆ ಕೆಟ್ಟರೆ ದೇವರೇ ಗತಿ. ನಾನು ಆ ಓಣಿಯ ಬಾಯಲ್ಲೇ ಹತ್ತು ಹನ್ನೆರಡು ವರ್ಷ ಇಡ್ಲಿ ಹಿಟ್ಟು ರುಬ್ಬಿದವಳು, ಒಳಗೆ ಹೀಗೆ ಎಂದು ನನಗೆ ತಿಳಿದಿರಲಿಲ್ಲ. ಕೇಳಿ ಮೈಯೆಲ್ಲ ಉರಿಯಿತು. ಹಳೇ ನಗರಸೇವಕ, ಅಂದರೆ ಕಾರ್ಪೊರೇಟರ್, ಅದೇ ಓಣಿಯಲ್ಲಿ ಹುಟ್ಟಿದವನು, ಈ ಸಲ ತನ್ನ ಹೆಂಡತಿಯನ್ನು ನಿಲ್ಲಿಸಿದ್ದ.

ಆ ಓಣಿಯಲ್ಲಿ ಒಬ್ಬಳು ಆಜಿ ಇದ್ದಳು. ಒಂಟಿ ಮುದುಕಿ, ಪಾಯಿಖಾನೆಯ ಪಕ್ಕದ ಕೋಣೆ ಅವಳದು. ಹೋದವರು ಬಂದವರಿಗೆಲ್ಲ ಗೋಣಿ ಹಿಡಿಯುವುದು ಅವಳಿಗೆ ಅಭ್ಯಾಸವಾಗಿತ್ತು. ಅವಳು ನನ್ನ ಕರಪತ್ರ ಹಿಂದೆ ಮುಂದೆ ತಿರುಗಿಸಿ ನೋಡಿ, ಅಕ್ಷರ ನನಗೆ ಬಾರದು, ನಿನ್ನ ಚಿತ್ರ ಯಾವುದು ಹೇಳು ಎಂದಳು. ಕಪ್‌ಬಶಿ ಕೇಳಿದ್ದೇನೆ, ಸಿಕ್ಕ ಮೇಲೆ ಬಂದು ಹೇಳುತ್ತೇನೆ ಎಂದೆ. ಗೆದ್ದರೆ ಮೊದಲ ಕೆಲಸ ಈ ಬಾಗಿಲು ಎಂದೂ ಹೇಳಿದೆ. ಅದು ಯಾರೂ ಬಾಯಿಪಾಠ ಮಾಡಿಸಿದ ವಾಕ್ಯ ಅಲ್ಲ. ಆಜಿ ನನ್ನ ಗಲ್ಲ ಸವರಿ ತನ್ನ ಬೆರಳು ಲಟಕ್ಕೆಂದು ಮುರಿದು ದೃಷ್ಟಿ ತೆಗೆದಳು.

ಅವತ್ತಿನಿಂದ ನಾನೇ ಮುಂದೆ, ಗಂಡ ಹಿಂದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಊಟದ ಹೊತ್ತು ಮರೆಯುತ್ತಿದ್ದೆ. ಇವರಿಗೆ ಮೊದಮೊದಲು ಖುಷಿ, ಆಮೇಲೆ ಸ್ವಲ್ಪ ಗಾಬರಿ. ಮೇಲಿನ ಮನೆಯಾಕೆ ಒಂದು ದಿನ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಮುಖ ನೋಡಿದರು. "ಇಷ್ಟ ದಿನಾ ನೀವು ಅವ್ರ ಸಲುವಾಗಿ ತಿರಗತಿದ್ರಿ. ಈಗ ನಿಮಗ ಆಗಬೇಕನಿಸೇದ. ಹೌದಲ್ರಿ?" ಎಂದರು. ಹೌದು ಎನ್ನಲು ನಾಚಿಕೆಯಾಯಿತು. ಆದರೆ ಹೌದು. ನನಗೆ ಗೆಲ್ಲಬೇಕಿತ್ತು. ಅಲ್ಲಿಯವರೆಗೆ ನನ್ನ ಜೀವನದಲ್ಲಿ ಇಂಥದ್ದು ನನಗೆ ಬೇಕು ಎಂದು ನಾನು ಏನನ್ನೂ ಕೇಳಿದವಳಲ್ಲ.

ಅಷ್ಟರಲ್ಲಿ ಹೋಟೆಲಿನ ಕಿಟಕಿ ಕಡೆಯ ಮೇಜುಗಳು ಖಾಲಿ ಬೀಳತೊಡಗಿದ್ದವು. ಹಳೇ ನಗರಸೇವಕನ ಕಡೆಯವರು ದಿನಾ ಅಲ್ಲಿ ಕೂತು ಒಂದು ಚಹಾದ ಮೇಲೆ ಒಂದು ಗಂಟೆ ಕಳೆಯುತ್ತಿದ್ದವರು. ಅವರು ಬರುವುದು ಬಿಟ್ಟರು. ಅವರ ಹಿಂದೆ ಅವರ ಪರಿಚಯದವರೂ ಬಿಟ್ಟರು. ಯಾರೂ ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ರಸ್ತೆಯ ಆಚೆ ಬದಿಯಿಂದ ನಡೆದುಹೋಗುತ್ತಿದ್ದರು, ಅಷ್ಟೇ. ಸುದ್ದಿ ಔರಂಗಾಬಾದಿಗೆ ಹೇಗೆ ಮುಟ್ಟಿತೋ, ಹೆಸರು ಹಿಂತೆಗೆಯುವ ಕೊನೆಯ ದಿನಕ್ಕೆ ಮುಂಚಿನ ದಿನ ಭಾವ ಎಸ್‌ಟಿ ಬಸ್ಸಿನಲ್ಲಿ ಬಂದಿಳಿದರು.

ಊಟದ ಗಿರಾಕಿಗಳು ಹೋಗಿ, ಸಂಜೆಯ ತಿಂಡಿ ಶುರುವಾಗದ ಹೊತ್ತು. ಭಾವ ಖಾಲಿ ಮೇಜೊಂದರಲ್ಲಿ ಕೂತು ಕಾಫಿ ತರಿಸಿಕೊಂಡರು. ಅವರು ಗದರುವ ಜನ ಅಲ್ಲ, ಅದೇ ಕಷ್ಟ. ಗದರಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬರಿಗೈಯಲ್ಲಿ ಊರು ಬಿಟ್ಟು ಬಂದದ್ದು, ತಟ್ಟೆ ತೊಳೆದದ್ದು, ತಮ್ಮನಿಗೊಂದು ದಾರಿ ಮಾಡಿಕೊಟ್ಟದ್ದು, ಯಾವುದನ್ನೂ ಅವರು ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ.

"ಹೋಟ್ಲಿಗೆ ಪಾರ್ಟಿ ಇಲ್ಲ," ಎಂದರು ತಮ್ಮನಿಗೆ. "ಎಲ್ಲರೂ ಬಂದು ಕೂತ್ಕೊಳ್ಬೇಕು. ಸೋತರೆ ಮರ್ಯಾದೆ ಹೋಗ್ತದೆ, ಗೆದ್ದರೆ ಅರ್ಧ ಊರು ಹೋಗ್ತದೆ. ನಮಗೆ ಎರಡೂ ಆಗುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀನು ಹುಷಾರಿದ್ದಿ, ನಂಗೆ ಗೊತ್ತುಂಟು. ನೀನು ಗೆಲ್ತಿ. ಅದಕ್ಕೇ ಬಂದದ್ದು ನಾನು," ಎಂದರು.

ನನ್ನ ಬದುಕಿನಲ್ಲಿ ಯಾರಾದರೂ ನನ್ನ ಬಗ್ಗೆ ಹೇಳಿದ ಅತಿ ದೊಡ್ಡ ಮಾತು ಅದು. ಅದನ್ನು ನನ್ನನ್ನು ಚುನಾವಣೆಯಿಂದ ಹಿಂದೆ ಸರಿಸುವುದಕ್ಕೆ ಹೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ಮೇಜಿನ ಮೇಲಿದ್ದ ಒದ್ದೆ ಕಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಪಾಯಿಖಾನೆಗೆ ಬಾಗಿಲಿಲ್ಲ ಭಾವ ಎಂದು ಹೇಳಲು ಬಾಯಿ ತೆರೆದೆ. ಹೋಟೆಲಿನಲ್ಲಿ, ಕಾಫಿ ಕುಡಿಯುತ್ತಿದ್ದ ಭಾವನ ಎದುರು ಆ ಶಬ್ದ ಹೊರಡಲಿಲ್ಲ. ನಮ್ಮಲ್ಲಿ ಹೆಂಗಸರು ಆಡದ ಮಾತು ಅದು. ವಾಡೆಯ ಕತ್ತಲಲ್ಲಿ ಎಷ್ಟು ಸರಾಗವಾಗಿ ಆಡಿದ್ದೆ.

ಮರುದಿನ ಪಾಲಿಕೆಯ ಕಚೇರಿಗೆ ಹೋದೆವು. ಸಾಹೇಬರು ಕಾಗದ ನನ್ನ ಮುಂದೆ ಇಟ್ಟು, ನಿಮ್ಮ ಸ್ವಂತ ಇಚ್ಛೆಯಿಂದ ಹಿಂದೆ ಸರಿಯುತ್ತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ಪ್ರಶ್ನೆ ಕೇಳುವುದು ಅವರ ಕೆಲಸ, ತಲೆ ಎತ್ತಿ ನೋಡಲೂ ಇಲ್ಲ. ನಾನು "ಹೋ", ಅಂದರೆ ಹೌದು, ಎಂದೆ. ಅಷ್ಟೆಲ್ಲ ಮರಾಠಿ ಕಲಿತದ್ದಕ್ಕೆ ಕೊನೆಗೆ ಬೇಕಾದದ್ದು ಆ ಒಂದು ಶಬ್ದ. ಸಹಿ ಹಾಕಿ ಹೊರಗೆ ಬಂದಾಗ ಗಂಡ ಕಬ್ಬಿನ ಹಾಲು ಕುಡಿಯುತ್ತೀಯಾ ಎಂದು ಕೇಳಿದರು. ಬೇಡ ಎಂದೆ. ಅವರೂ ಕುಡಿಯಲಿಲ್ಲ. ಆ ಬಿಳಿ ಜುಬ್ಬಾಗಳನ್ನು ಮತ್ತೆ ಅವರು ಹಾಕಲಿಲ್ಲ, ನಾನೂ ಯಾಕೆ ಎಂದು ಕೇಳಲಿಲ್ಲ.

ಸುದ್ದಿ ಗಂಡಸರಿಗೆಲ್ಲ ಅಂದೇ ಗೊತ್ತಾಯಿತು. ಒಂದೆರಡು ದಿನಗಳಲ್ಲಿ ಕಿಟಕಿ ಕಡೆಯ ಮೇಜುಗಳು ತುಂಬಿದವು. ನಾನು ಓಣಿಗೆ ಹೋಗಲಿಲ್ಲ. ಮುಖ ತೋರಿಸುವುದು ಹೇಗೆ ಎಂದು ಇವತ್ತು, ನಾಳೆ ಎನ್ನುತ್ತಾ ದಿನ ತಳ್ಳಿದೆ. ಹೇಗೂ ಅವರಿಗೆ ಗೊತ್ತಾಗಿರುತ್ತದೆ ಎಂದುಕೊಂಡೆ. ಚುನಾವಣೆ ಆಯಿತು, ಹಳೇ ನಗರಸೇವಕನ ಹೆಂಡತಿ ಗೆದ್ದಳು, ಪಟಾಕಿ ಹೊಡೆದರು. ಆ ವರ್ಷವೇ ಭಾವ ಚಿಕಲಠಾಣಾದಲ್ಲಿ ಇನ್ನೊಂದು ಹೋಟೆಲು ತೆರೆದು ನಮ್ಮನ್ನು ಅಲ್ಲಿಗೆ ಕರೆಸಿಕೊಂಡರು. ಕಾರ್ಖಾನೆಯ ಪಾಳಿಯ ಜನರಿಗೆ ಬೆಳಗ್ಗಿನಿಂದ ರಾತ್ರಿಯವರೆಗೆ ಉಪ್ಪಿಟ್ಟು ಪೂರಿ ಮಾಡುವುದರಲ್ಲಿ ನನಗೆ ಬೇರೆ ಏನನ್ನೂ ಯೋಚಿಸಲು ಪುರುಸೊತ್ತು ಇರಲಿಲ್ಲ. ಇತ್ತು ಎಂದರೆ ಅದು ಬೆಳಗಿನ ಜಾವ, ಒಳಗಿನಿಂದ ಚಿಲಕ ಹಾಕಿಕೊಂಡ ನಮ್ಮ ಬಚ್ಚಲಿನಲ್ಲಿ. ಚಿಲಕದ ಸದ್ದು ಕೇಳಿದರೆ ಸಾಕು, ಓಣಿ ನೆನಪಾಗುತ್ತಿತ್ತು.

ಮುಂದಿನ ಪಾಲಿಕೆ ಚುನಾವಣೆ ಬಂದ ವರ್ಷ ನಾಸಿಕದಲ್ಲಿ ನಮ್ಮವರದೊಂದು ಮದುವೆ ಇತ್ತು. ಗೋಡೆಗಳ ಮೇಲೆಲ್ಲ ಚಿಹ್ನೆಗಳನ್ನು ಬರೆದಿದ್ದರು. ಊಟವಾದ ಮೇಲೆ ಯಾರಿಗೂ ಹೇಳದೆ ಹಳೇ ಪೇಟೆಗೆ ನಡೆದೆ. ಓಣಿ ಹಾಗೇ ಇತ್ತು. ಕೊನೆಯಲ್ಲಿ ಗೋಣಿತಟ್ಟೂ ಇತ್ತು. ಗೋಣಿ ಮಾತ್ರ ಹೊಸದು. ಅದರ ಪಕ್ಕದ ಮೆಟ್ಟಿಲ ಮೇಲೆ ಆಜಿ ಕೂತಿದ್ದಳು. ಕಣ್ಣಿನ ಮೇಲೆ ಕೈ ಮರೆ ಮಾಡಿ ತುಂಬ ಹೊತ್ತು ನೋಡಿ, ದನಿ ಕೇಳಿದ ಮೇಲೆ ಗುರುತು ಹಿಡಿದಳು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಬೈಗುಳಕ್ಕೆ ತಯಾರಾಗಿದ್ದೆ.

ಅವಳು ಬೈಯಲಿಲ್ಲ, ಕ್ಷಮೆ ಕೇಳಿದಳು. ಆ ಸಲ ಮತ ಹಾಕಲು ಹೋಗಿದ್ದಳಂತೆ. ಕಾಗದ ಬಿಡಿಸಿ ಕಪ್‌ಬಶಿ ಹುಡುಕಿದಳಂತೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಕಣ್ಣು ಆಗಲೇ ಮಂಜಾಗಿತ್ತು, ಸಿಗಲಿಲ್ಲ. ಒಳಗೆ ಯಾರನ್ನೂ ಕೇಳುವ ಹಾಗಿರಲಿಲ್ಲ, ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಬೇರೆಯವರ ಚಿತ್ರದ ಮೇಲೆ ಒತ್ತಲು ಮನಸ್ಸು ಬರಲಿಲ್ಲ. ಠಸ್ಸೆ ಒತ್ತದೆ ಕಾಗದವನ್ನು ಹಾಗೇ ಮಡಚಿ ಪೆಟ್ಟಿಗೆಗೆ ಹಾಕಿ ಬಂದಳು. ನೀನು ಸೋತೆ ಎಂದು ಕೇಳಿದಾಗಿನಿಂದ ನನ್ನ ಈ ಹಾಳು ಕಣ್ಣಿಂದಲೇ ಆಯಿತು ಎಂದುಕೊಳ್ಳುತ್ತಿದ್ದೇನೆ ಎಂದಳು.

ಸುಮ್ಮನಿದ್ದು ಎದ್ದು ಬರಬಹುದಿತ್ತು. ಆದರೆ ಆ ಕಣ್ಣಿನ ಮೇಲೆ ಇನ್ನೂ ತಪ್ಪು ಹೊರಿಸಿ ಬರಲು ನನ್ನಿಂದ ಆಗಲಿಲ್ಲ. ನಿನ್ನ ಕಣ್ಣು ಸರಿಯಾಗಿಯೇ ಇತ್ತು ಆಜಿ, ಕಾಗದದ ಮೇಲೆ ಕಪ್‌ಬಶಿ ಇರಲೇ ಇಲ್ಲ, ಮೊದಲೇ ನಾನು ಹೆಸರು ವಾಪಸ್ ತೆಗೆದಿದ್ದೆ ಎಂದೆ. ಅವಳು ನನ್ನ ಕೈ ಬಿಡಲಿಲ್ಲ.

"ಸಾಂಗಾಯ್ಚ ನಾ, ವಹಿನಿ," ಎಂದಳು. ಆಗಲೇ ಹೇಳಬಾರದಿತ್ತೇ ಎಂದಷ್ಟೇ.

ಆಗ ಒಬ್ಬ ಹುಡುಗಿ ಡಬ್ಬಿಯಲ್ಲಿ ನೀರು ಹಿಡಿದುಕೊಂಡು ಬಂದಳು. ಆಜಿ ಮಂಡಿಯ ಮೇಲೆ ಕೈಯೂರಿ ಏಳಲು ಹೊರಟಳು. ನೀನು ಕೂತಿರು ಎಂದು ನಾನೇ ಎದ್ದು ಹೋದೆ. ರೇಷ್ಮೆ ಸೀರೆಯಲ್ಲಿ, ಮದುವೆಯ ಮಲ್ಲಿಗೆ ಮುಡಿದುಕೊಂಡು, ಆ ಹುಡುಗಿ ಹೊರಗೆ ಬರುವವರೆಗೆ ಗೋಣಿ ಹಿಡಿದು ನಿಂತೆ.